ಪ್ಲಾಸ್ಟರಿನ ಮೇಲಿನ ತಾರೀಖು

ತರಗತಿಯಿಂದ ಹೊರಡುವ ಮೊದಲು ಕರಿಹಲಗೆ ಒರೆಸುವುದು ನನ್ನ ಹಳೆಯ ಚಾಳಿ. ಒಣಬಟ್ಟೆಯಲ್ಲಿ ಒಂದು ಸಲ, ಒದ್ದೆಬಟ್ಟೆಯಲ್ಲಿ ಇನ್ನೊಂದು ಸಲ. ನನ್ನ ನಂತರ ಪಾಠಕ್ಕೆ ಬರುವವರ ಕಣ್ಣಿಗೆ ನನ್ನದೊಂದು ಸೊನ್ನೆಯೂ ಬೀಳಬಾರದು. ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದಿ ಅದೇ ದಿನ ವಾಪಸು ಕೊಡುತ್ತೇನೆ. ಮೊಬೈಲು ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಹೀಗೆ ಹತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟ ಮೇಲೆ, ಫೆಬ್ರವರಿಯ ಒಂದು ಸೋಮವಾರ ಹೆಡ್ ಮೇಡಂ ನನ್ನನ್ನು ಕರೆದು, ನೀವು ಪಾಠ ಮಾಡಿದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿದರು.

ಅವರೇನೂ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಮೇಲಿನಿಂದ ಬಂದ ಸುತ್ತೋಲೆ ಕೈಯಲ್ಲಿತ್ತು. ತಾತ್ಕಾಲಿಕ ಶಿಕ್ಷಕರೆಲ್ಲ ಡಿಜಿಟಲ್ ಪೋರ್ಟ್‌ಫೋಲಿಯೊ ಮಾಡಿ ಪೋರ್ಟಲ್‌ಗೆ ಹಾಕಬೇಕು. ಒಟ್ಟು ಹನ್ನೆರಡು ಪುರಾವೆ. ಅದರಲ್ಲಿ ನಾಲ್ಕು, ಬೇರೆ ಬೇರೆ ತಿಂಗಳಲ್ಲಿ ತೆಗೆದ ತರಗತಿಯ ಫೋಟೊಗಳಾಗಿರಬೇಕು. ಪರಿಶೀಲನೆಯಲ್ಲಿ ಕನಿಷ್ಠ ಹತ್ತು ಒಪ್ಪಿಗೆಯಾದರೆ ಕೆಲಸ ಕಾಯಂ. ಆಗದಿದ್ದರೆ ಮಾರ್ಚ್ ಕೊನೆಗೆ ಮನೆ.

"ನಿಮಗೇನು ಮೇಡಂ, ಹತ್ತೊಂಬತ್ತು ವರ್ಷದ ಸರ್ವೀಸು. ಬೇಕಾದಷ್ಟು ಇರುತ್ತೆ," ಎಂದರು ಹೆಡ್ ಮೇಡಂ.

ನನ್ನ ಹತ್ತಿರ ಇದ್ದದ್ದು ಎಂಟು. ಪಾಠ ಯೋಜನೆಗಳು, ಪ್ರಶ್ನೆಪತ್ರಿಕೆಗಳು, ತರಬೇತಿಗೆ ಹೋಗಿ ತೂಕಡಿಸಿ ತಂದ ಎರಡು ಪ್ರಮಾಣಪತ್ರ, ಇಂಥವು. ಫೋಟೊ ಒಂದೂ ಇರಲಿಲ್ಲ. ನನ್ನ ತಾತ್ಕಾಲಿಕತನಕ್ಕೆ ನನ್ನ ಮದುವೆಗಿಂತ ಹೆಚ್ಚು ವಯಸ್ಸಾಗಿದೆ. ಮದುವೆಯದಾದರೂ ಒಂದು ಆಲ್ಬಂ ಇದೆ, ಇದಕ್ಕೆ ಅದೂ ಇಲ್ಲ. ನಲವತ್ತೇಳು ವರ್ಷದವಳಿಗೆ ಬೇರೆ ಶಾಲೆಯಲ್ಲಿ ಕೆಲಸ ಯಾರು ಕೊಡುತ್ತಾರೆ? ಗುಣಾಕಾರ ಬಿಟ್ಟು ನನಗೆ ಬೇರೆ ಏನು ಬರುತ್ತದೆ?

ದಾರಿ ತೋರಿಸಿದವರು ಕಂಪ್ಯೂಟರ್ ಮೇಷ್ಟ್ರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರೇ.

"ಒಂದೇ ಮಧ್ಯಾಹ್ನದಲ್ಲಿ ನಾಲ್ಕೂ ತೆಗೆದುಬಿಡೋಣ ಮೇಡಂ. ಬೋರ್ಡ್ ಮೇಲೆ ತಾರೀಖು ಬದಲಾಯಿಸಿ, ನೀವು ಸ್ವಲ್ಪ ಬಟ್ಟೆ ಬದಲಾಯಿಸಿ. ಎಲ್ಲರೂ ಮಾಡೋದೇ."

"ಅದು ಸುಳ್ಳಲ್ವಾ ಮೇಷ್ಟ್ರೇ?"

"ಜುಲೈನಲ್ಲಿ ನೀವು ಪಾಠ ಮಾಡಿದ್ದು ಸುಳ್ಳಾ? ಇಲ್ಲ ತಾನೆ. ಫೋಟೊ ಸ್ವಲ್ಪ ತಡವಾಗಿ ಬಂತು ಅಂದ್ಕೊಳ್ಳಿ."

ಪಕ್ಕದವರ ಉತ್ತರ ನೋಡಿ ಬರೆದ ಮಕ್ಕಳನ್ನು ಹತ್ತೊಂಬತ್ತು ವರ್ಷ ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಆದರೂ ಅವರ ಮಾತು ನನಗೆ ಹಿತವಾಗಿ ಕೇಳಿಸಿತು. ಭಯದಲ್ಲಿದ್ದಾಗ ಕಿವಿ ತನಗೆ ಬೇಕಾದದ್ದನ್ನಷ್ಟೇ ಕೇಳುತ್ತದೆ.

ಹತ್ತೊಂಬತ್ತನೇ ತಾರೀಖು ಬುಧವಾರ, ಒಂದು ಚೀಲದಲ್ಲಿ ಸ್ವೆಟರು, ಕೋಟು, ಬೂದು ಶಾಲು ತುಂಬಿಕೊಂಡು ಶಾಲೆಗೆ ಹೋದೆ. ಐದನೇ ತರಗತಿಯ ಮಕ್ಕಳಿಗೆ, ನಾನು ಪಾಠ ಮಾಡ್ತೀನಿ ಅನ್ನೋದಕ್ಕೆ ಪುರಾವೆ ಬೇಕಂತೆ ಎಂದು ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಬೋರ್ಡಿನ ಎಡಮೂಲೆಯಲ್ಲಿ ಜುಲೈ ಎಂಟು ಎಂದು ಬರೆದು ಬರೀ ಸೀರೆಯಲ್ಲಿ ನಿಂತೆ. ಆಮೇಲೆ ಸೆಪ್ಟೆಂಬರ್, ಶಾಲು. ನವೆಂಬರ್, ಸ್ವೆಟರು. ಜನವರಿ, ಕೋಟು. ಕಂಪ್ಯೂಟರ್ ಮೇಷ್ಟ್ರು ಟಕಟಕ ಅಂತ ತೆಗೆದರು.

"ಟೀಚರ್, ಇವತ್ತು ಫೆಬ್ರವರಿ ಅಲ್ವಾ?" ಎಂದು ಮುಂದಿನ ಸಾಲಿನಿಂದ ಪಟಾಕಿ ಕೇಳಿದಳು.

"ಬಾಯಿ ಮುಚ್ಕೊಂಡು ನೆಟ್ಟಗೆ ಕೂತ್ಕೊ," ಎಂದೆ.

ಪಟಾಕಿ ಎಂದು ಅವಳಿಗೆ ಹೆಸರಿಟ್ಟವಳು ನಾನೇ. ಅಂಗೈಯಗಲದ ಮುಖ, ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳಬೇಕು. ಜನವರಿ ಕೊನೆಯಲ್ಲಿ ಕಾಂಪೌಂಡ್ ಗೋಡೆಯಿಂದ ಜಿಗಿದು ಬಲಗೈ ಮುರಿದುಕೊಂಡಿದ್ದಳು. ಮಣಿಕಟ್ಟಿನಿಂದ ಮೊಣಕೈ ದಾಟುವವರೆಗೆ ಬಿಳಿ ಪ್ಲಾಸ್ಟರು, ತುದಿಯಲ್ಲಿ ಐದು ಬೆರಳು ಹೊರಗೆ. ಬರೆಯಲಾಗದವಳು ಸುಮ್ಮನೆ ಕೂತರೆ ಪಕ್ಕದವರನ್ನು ಬರೆಯಲು ಬಿಡುವುದಿಲ್ಲ. ಅದಕ್ಕೆ ದಿನಕ್ಕೊಂದು ಲೆಕ್ಕ ಬಾಯಲ್ಲಿ ಮಾಡಲು ಕೊಡುತ್ತಿದ್ದೆ. ಮೊದಲ ದಿನ ಏಳೆಂಟಲ ಎಷ್ಟೆಂದರೆ ಐವತ್ತನಾಲ್ಕು ಎಂದಿದ್ದಳು. ಎರಡನೆಯ ಸಲಕ್ಕೆ ಸರಿಯಾಗಿ ಹೇಳಿದಾಗ, ಟಿಕ್ ಎಲ್ಲಿ ಹಾಕ್ತೀರಿ ಟೀಚರ್ ಎಂದು ಜಗಳಕ್ಕೆ ನಿಂತಳು. ನೋಟ್‌ಬುಕ್ಕು ಇಲ್ಲವಲ್ಲ, ಪ್ಲಾಸ್ಟರಿನ ಮೇಲೆಯೇ ಲೆಕ್ಕ ಸಣ್ಣಗೆ ಬರೆದು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದೆ. ಅಂದಿನಿಂದ ದಿನವೂ ಒಂದು.

ಗುರುವಾರ ನಾನು ನಾನಾಗಿರಲಿಲ್ಲ. ಮರುದಿನ ನಾಲ್ಕು ಗಂಟೆಗೆ ಪೋರ್ಟಲ್ ಮುಚ್ಚುತ್ತದೆ ಎನ್ನುವುದೊಂದೇ ತಲೆಯಲ್ಲಿ. ಪಾಠದ ನಡುವೆ ಎರಡು ಸಲ ಸಂಖ್ಯೆ ತಪ್ಪು ಬರೆದೆ. ಪಟಾಕಿ ಅಂದಿನ ಲೆಕ್ಕಕ್ಕೆ ಉತ್ತರ ಹೇಳಿ ಕೈ ಚಾಚಿದಾಗ, "ಆಮೇಲೆ, ಆಮೇಲೆ," ಎಂದು ಓಡಿದೆ.

ಸಂಜೆ ಐದೂವರೆಗೆ ನಮ್ಮ ಯಜಮಾನರ ಅಂಗಡಿಯಲ್ಲಿ ಕೂತು ಫೋಟೊಗಳನ್ನು ನೋಡತೊಡಗಿದೆ. ಅವರದು ಫೋಟೊಗಳಿಗೆ ಫ್ರೇಮು ಹಾಕುವ ಕೆಲಸ. ಮನೆಯ ಕೆಳಗೇ ಅಂಗಡಿ. ಮೂಲೆಯಲ್ಲಿ ಒಂದು ಕಂಪ್ಯೂಟರು, ಸುತ್ತ ಮರದ ಪಟ್ಟಿ, ಗಾಜು, ಅಂಟಿನ ವಾಸನೆ. ನಾಲ್ಕೂ ಫೋಟೊ ಒಟ್ಟಿಗೆ ಪರದೆ ಮೇಲೆ ತೆರೆದೆ.

ಜುಲೈಯಲ್ಲಿ ಪ್ಲಾಸ್ಟರು. ಸೆಪ್ಟೆಂಬರಿನಲ್ಲಿ ಪ್ಲಾಸ್ಟರು. ನವೆಂಬರ್, ಜನವರಿಯಲ್ಲೂ ಅದೇ ಪ್ಲಾಸ್ಟರು. ನಾನು ಕಾಲಕ್ಕೆ ತಕ್ಕ ಹಾಗೆ ಶಾಲು ಹೊದ್ದು ಕೋಟು ತೊಟ್ಟು ಆಟವಾಡಿದ್ದೆ, ಮುಂದಿನ ಸಾಲಿನಲ್ಲಿ ಒಂದೇ ಕೈ ವರ್ಷಪೂರ್ತಿ ಮುರಿದುಕೊಂಡು ಕೂತಿತ್ತು.

ಇಷ್ಟೇ ಆಗಿದ್ದರೆ, ಪಾಪ ಆ ಮಗುವಿಗೆ ವಾಸಿಯಾಗಲಿಲ್ಲ ಎಂದು ಯಾರಾದರೂ ಮರುಗಿ ಸುಮ್ಮನಾಗುತ್ತಿದ್ದರೇನೊ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದರ ಕೆಳಗೊಂದು ಕೆಂಪು ಟಿಕ್ಕುಗಳು. ಪ್ರತಿಯೊಂದರ ಪಕ್ಕದಲ್ಲಿ ತಾರೀಖು. 3-2. 4-2. 5-2. ಮುದ್ದಾದ ದುಂಡು ಅಂಕಿಗಳು, ನನ್ನವೇ. ತಾರೀಖಿಲ್ಲದ ಟಿಕ್ಕು ಟಿಕ್ಕೇ ಅಲ್ಲ ಎಂದು ಹೊಸ ಶಿಕ್ಷಕರಿಗೆ ಬುದ್ಧಿ ಹೇಳುವವಳು ನಾನು. ನನ್ನ ಶಿಸ್ತೇ ನನ್ನ ಕುತ್ತಿಗೆಗೆ ಬಂದಿತ್ತು. ಜುಲೈ ಎಂಟರ ಫೋಟೊದಲ್ಲಿ ಫೆಬ್ರವರಿಯ ಹದಿಮೂರು ಟಿಕ್ಕುಗಳು.

"ಏನಾಯ್ತೇ? ಮುಖ ಯಾಕೆ ಹೀಗೆ?" ಎಂದರು ಯಜಮಾನರು, ಗಾಜು ಒರೆಸುತ್ತಲೇ.

ಹೇಳಿದೆ. ಬಗ್ಗಿ ನೋಡಿ ಮೊದಲು ನಕ್ಕರು. ನಾನು ನಗುತ್ತಿಲ್ಲವೆಂದು ಕಂಡಮೇಲೆ ನಿಲ್ಲಿಸಿದರು.

"ನಾಳೆ ಇನ್ನೊಂದು ಸಲ ತೆಗಿ."

"ನಾಳೆ ಆಟೋಟ ರೀ. ಒಂದು ಮಗುವೂ ತರಗತಿಯಲ್ಲಿ ಇರಲ್ಲ."

"ಹಾಗಾದ್ರೆ ಕತ್ತರಿಸು. ಎಡಗಡೆ ಅಂಚಲ್ಲೇ ಕೂತಿದಾಳಲ್ಲ." ಆಮೇಲೆ, ಕೈಯಲ್ಲಿದ್ದ ಬಟ್ಟೆ ಮಡಚುತ್ತ, "ಒಂದು ಮಾತು. ಹೋದ ವರ್ಷ ಒಬ್ಬರು ಬಂದಿದ್ರು, ಮನೆಯವರ ಫೋಟೊದಿಂದ ತಮ್ಮನನ್ನ ತೆಗೆದುಬಿಡಿ ಅಂತ. ತೆಗೆದುಕೊಟ್ಟೆ. ಆದರೆ ಅಣ್ಣನ ಹೆಗಲ ಮೇಲೆ ತಮ್ಮನ ಕೈ ಉಳ್ಕೊಂಡುಬಿಡ್ತು. ಅದನ್ನ ತೆಗೆಯೋಕೆ ಹೋದ್ರೆ ಅಣ್ಣನೂ ಹೋಗ್ತಾನೆ," ಎಂದರು.

ಅವರು ಚಹಾ ಕುಡಿಯಲು ಮೇಲೆ ಹೋದರು. ನಾನು ಕತ್ತರಿಸಿದೆ.

ಮೂರು ಫೋಟೊಗಳಲ್ಲಿ ಅಂಚು ಎಳೆದದ್ದೇ ಪಟಾಕಿ ಮಾಯವಾದಳು. ಹೋದದ್ದೇ ಗೊತ್ತಾಗಲಿಲ್ಲ. ಜುಲೈಯದು ಮಾತ್ರ ತಕರಾರು ಮಾಡಿತು. ಅದರಲ್ಲಿ ಅವಳು ಪ್ಲಾಸ್ಟರಿನ ಕೈಯನ್ನು ಪಕ್ಕದ ಹುಡುಗಿಯ ಹೆಗಲ ಮೇಲೆ ಹಾಕಿಕೊಂಡಿದ್ದಳು. ಎಷ್ಟು ಒಳಗೆ ತಂದರೂ ಹೆಗಲ ಮೇಲೆ ನಾಲ್ಕು ಬೆರಳು ಉಳಿದವು. ಇನ್ನೂ ಒಳಗೆ ತಂದರೆ ಆ ಹುಡುಗಿಯೂ ಹೋಗಿ, ಬೋರ್ಡಿನ ಮೇಲಿನ ಜುಲೈಯೂ ಹೋಗುತ್ತದೆ. ಬೆರಳುಗಳಿಗೆ ತಾರೀಖಿಲ್ಲವಲ್ಲ ಎಂದು ಅಷ್ಟಕ್ಕೆ ಬಿಟ್ಟೆ.

ಶುಕ್ರವಾರ ಮೂರು ಗಂಟೆಗೆ ಹನ್ನೆರಡೂ ಪೋರ್ಟಲ್‌ಗೆ ಹೋದವು. ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ, ಒಪ್ಪುತ್ತೀರಾ ಎಂದು ಕೇಳಿತು. ಒಪ್ಪಿದೆ.

ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಪರಿಶೀಲನೆ ಮಂಗಳವಾರ ಹನ್ನೊಂದಕ್ಕೆ. ಶನಿವಾರ ಬಟ್ಟೆ ಒಣಹಾಕುವಾಗಲೂ, ಭಾನುವಾರ ಅಕ್ಕಿ ಆರಿಸುವಾಗಲೂ ಆ ನಾಲ್ಕು ಬೆರಳು ಕಣ್ಣಮುಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪಕ್ಕದ ಹುಡುಗಿಯ ಹೆಗಲು ನೋಡಿಕೊಳ್ಳುತ್ತಿದ್ದೆ. ಯಜಮಾನರು, "ಹನ್ನೆರಡರಲ್ಲಿ ಒಂದು ಹೋದರೂ ಹನ್ನೊಂದು ಇದೆಯಲ್ಲೇ," ಎಂದು ಸಮಾಧಾನ ಮಾಡಿದರು. ಲೆಕ್ಕದ ಟೀಚರಿಗೆ ಲೆಕ್ಕ ಹೇಳಬೇಡಿ ಎಂದು ಅವರ ಮೇಲೆ ಹಾರಿಬಿದ್ದೆ. ಒಂದು ಸುಳ್ಳು ಸಿಕ್ಕರೆ ನಾಲ್ಕೂ ಸಿಗುತ್ತವೆ, ಅದು ನನಗೆ ಗೊತ್ತಿತ್ತು. ಹನ್ನೆರಡರಲ್ಲಿ ನಾಲ್ಕು ಹೋದರೆ ಎಂಟು.

ಸೋಮವಾರ ಪಟಾಕಿ ಶಾಲೆಗೆ ಬರಲಿಲ್ಲ. ಪ್ಲಾಸ್ಟರು ಬಿಚ್ಚಿಸಲು ಆಸ್ಪತ್ರೆಗೆ ಹೋಗಿದ್ದಾಳೆ ಎಂದು ಮಕ್ಕಳು ಹೇಳಿದರು. ಹೇಳಲು ನಾಚಿಕೆಯಾಗುತ್ತದೆ: ನನಗೆ ಖುಷಿಯಾಯಿತು. ತಾರೀಖುಗಳೆಲ್ಲ ಆಸ್ಪತ್ರೆಯ ಕಸದ ಬುಟ್ಟಿ ಸೇರಿದವು ಎಂದುಕೊಂಡೆ.

ಮಂಗಳವಾರ ಹತ್ತೂಮುಕ್ಕಾಲಿಗೆ ನಾನು ಹೆಡ್ ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ವರಾಂಡದ ಆ ತುದಿಯಿಂದ ಪಟಾಕಿ ಓಡಿಬಂದಳು. ಬಲಗೈ ತೆಳ್ಳಗೆ, ಬಿಳಿಚಿಕೊಂಡು, ಬೇರೆ ಯಾರದೋ ಕೈಯ ಹಾಗಿತ್ತು. ಎಡಗೈಯಲ್ಲಿ ಒಂದು ಬಟ್ಟೆ ಚೀಲ.

"ಟೀಚರ್, ಇದು ನಿಮಗೆ. ಅಮ್ಮ ಬಿಸಾಕು ಅಂದ್ರು, ನಾನು ಕೊಡ್ಲಿಲ್ಲ. ಡಾಕ್ಟರಿಗೂ ಕೊಡ್ಲಿಲ್ಲ."

ಚೀಲದಲ್ಲಿ ಪ್ಲಾಸ್ಟರು. ಉದ್ದಕ್ಕೆ ಸೀಳಿ ತೆಗೆದದ್ದನ್ನು ಮತ್ತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು.

"ಯಾಕೇ ಇದು?"

"ನೀವು ಪಾಠ ಮಾಡ್ತೀರಿ ಅನ್ನೋಕೆ ಪುರಾವೆ ಬೇಕು ಅಂದ್ರಲ್ಲ. ಎಲ್ಲಾ ಇದರಲ್ಲೇ ಇದೆ, ತಾರೀಖು ಸಮೇತ." ಹೊರಟವಳು ತಿರುಗಿ ನಿಂತಳು. "ಟೀಚರ್, ಫೋಟೊದಲ್ಲಿ ನಾನು ಕಣ್ಣು ಮುಚ್ಚಿಲ್ಲ ತಾನೆ? ನಮ್ಮನೆ ಫೋಟೊದಲ್ಲೆಲ್ಲ ನಾನು ಕಣ್ಣು ಮುಚ್ಚಿರ್ತೀನಿ."

"ಮುಚ್ಚಿಲ್ಲ," ಎಂದೆ. ಅಷ್ಟರಲ್ಲಿ ಒಳಗಿನಿಂದ ಕರೆದರು.

ಪರಿಶೀಲನೆಗೆ ಬಂದಿದ್ದವರು ಅರವತ್ತರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ತಣ್ಣನೆಯ ದನಿ. ಪಕ್ಕದಲ್ಲಿ ಹೆಡ್ ಮೇಡಂ. ಪರದೆ ಮೇಲೆ ನನ್ನ ಹನ್ನೆರಡು ಪುರಾವೆಗಳು ಸಾಲಾಗಿ ನಿಂತಿದ್ದವು. ಪಾಠ ಯೋಜನೆ, ಒಪ್ಪಿಗೆಯ ಹಸಿರು ಗುರುತು. ಪ್ರಶ್ನೆಪತ್ರಿಕೆ, ಹಸಿರು. ಜುಲೈ ಫೋಟೊ ಬಂತು. ಅವರು ಎರಡು ಕ್ಷಣ ನೋಡಿ ಮುಂದೆ ಹೋದರು. ಹಸಿರು. ಸೆಪ್ಟೆಂಬರ್, ನವೆಂಬರ್, ಜನವರಿ, ಎಲ್ಲವೂ ಹಸಿರು. ಹೆಡ್ ಮೇಡಂ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಹತ್ತೊಂಬತ್ತು ವರ್ಷದ ಭಾರ ಇಳಿಯಿತೆಂದು ನನ್ನ ಭುಜ ತಾನಾಗಿ ಸಡಿಲವಾಯಿತು.

"ಹನ್ನೆರಡಕ್ಕೆ ಹನ್ನೆರಡು. ಒಳ್ಳೇದು," ಎಂದರು ಪರಿಶೀಲಕಿ. "ಕೊನೇದಾಗಿ ಒಂದು ಪ್ರಶ್ನೆ, ಇದನ್ನ ಎಲ್ಲರಿಗೂ ಕೇಳ್ತೀನಿ. ನಿಮ್ಮ ಪಾಠದ ಬಗ್ಗೆ ನಿಮಗೇ ಹೆಮ್ಮೆ ಅನ್ನಿಸೋ ಒಂದು ಪುರಾವೆ ತೋರಿಸಿ. ಒಂದೇ ಒಂದು ಸಾಕು."

ಪರದೆಯನ್ನು ನೋಡಿದೆ. ನಾಲ್ಕು ಸುಳ್ಳು ಫೋಟೊ, ಎಂಟು ಕಾಗದ. ಯಾವುದಾದರೊಂದರ ಮೇಲೆ ಬೆರಳಿಟ್ಟು, ಇದೇ ಮೇಡಂ ಎಂದಿದ್ದರೆ ಮುಗಿಯುತ್ತಿತ್ತು. ಬೆರಳು ಏಳಲಿಲ್ಲ. ತೊಡೆಯ ಮೇಲೆ ಚೀಲವಿತ್ತು, ಅದರೊಳಗಿನಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು. ನನ್ನ ಪಾಠಕ್ಕೆ ಸಾಕ್ಷಿಯಾಗಿ ಒಂದು ಮಗು ವೈದ್ಯರ ಕೈಯಿಂದ ಕಿತ್ತು ತಂದದ್ದು. ಆ ಮಗುವನ್ನೇ ನಾನು ನಾಲ್ಕು ಸಲ ಕತ್ತರಿಸಿ ಎಸೆದಿದ್ದೆ. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹೆದರಿಕೆ ಒಂದು ಕ್ಷಣ ಪಕ್ಕಕ್ಕೆ ಸರಿಯಿತು. ಆ ಒಂದು ಕ್ಷಣದಲ್ಲಿ ಪ್ಲಾಸ್ಟರನ್ನು ತೆಗೆದು ಮೇಜಿನ ಮೇಲಿಟ್ಟೆ.

ಪರಿಶೀಲಕಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕನ್ನಡಕ ಮೇಲಕ್ಕೆ ಸರಿಸಿ, ಮೇಲಿನಿಂದ ಓದಿದರು. ಮೂರನೇ ತಾರೀಖಿನ ಏಳೆಂಟಲ ಐವತ್ತಾರರಿಂದ ಹತ್ತೊಂಬತ್ತನೇ ತಾರೀಖಿನ ಇಪ್ಪತ್ತೈದು ಹದಿನಾರಲವರೆಗೆ. ತಿರುಗಿಸಿ ಇನ್ನೊಮ್ಮೆ ಓದಿದರು.

"ಇದೆಲ್ಲ ಬಾಯಲ್ಲೇ ಮಾಡಿದ್ಲಾ?"

"ಹೌದು ಮೇಡಂ. ಬಲಗೈ ಮುರಿದಿತ್ತು."

"ಫೋಟೊದಲ್ಲಿ ಈ ಮಗು ಯಾವುದು?"

"ಕತ್ತರಿಸಿದೆ," ಎಂದೆ. "ನಾಲ್ಕೂ ಫೋಟೊ ಹೋದ ಬುಧವಾರ ತೆಗೆದದ್ದು. ಈ ತಾರೀಖುಗಳು ಕಾಣಿಸ್ತಿದ್ವು, ಅದಕ್ಕೇ ಕತ್ತರಿಸಿದೆ. ಜುಲೈ ಫೋಟೊದಲ್ಲಿ ಆ ಹೆಗಲ ಮೇಲಿರೋ ಬೆರಳು ಅವಳದೇ."

ಹೆಡ್ ಮೇಡಂ, "ಅಯ್ಯೋ," ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಪರಿಶೀಲಕಿ ಜುಲೈ ಫೋಟೊ ಮತ್ತೆ ತೆರೆದು ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದಾಗಿ ನಾಲ್ಕು ಹಸಿರುಗಳು ಕೆಂಪಾದವು.

"ಎಂಟು," ಎಂದರು. ಪ್ಲಾಸ್ಟರಿನ ಕಡೆ ನೋಡಿ, "ಇದನ್ನ ಸೇರಿಸಿಕೊಳ್ತೀನಿ. ಒಂಬತ್ತು. ಹತ್ತನೇದು ನನ್ನ ಹತ್ತಿರ ಇಲ್ಲ. ನಾನು ಕಂಡದ್ದು ಬರೀಬೇಕು, ನೀವು ಹೇಳಿದ್ದೂ ಬರೀತೀನಿ."

"ಬರೀರಿ ಮೇಡಂ."

ಹೊರಗೆ ಬಂದಾಗ ಹೆಡ್ ಮೇಡಂ ಹಿಂದೆಯೇ ಬಂದು ನನ್ನ ಮೊಣಕೈ ಹಿಡಿದರು. "ಹನ್ನೆರಡೂ ಆಗಿತ್ತಲ್ರೀ. ಸುಮ್ಮನೆ ಇರೋಕೆ ಏನಾಗಿತ್ತು ನಿಮಗೆ? ಇನ್ನು ಮಾರ್ಚ್ ಕೊನೆಯವರೆಗೆ, ಅಷ್ಟೇ. ನನ್ನ ಕೈಲೂ ಏನಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಐದು ವಾರ. ಮನೆಗೆ ಹೋಗಿ ಹೇಳಬೇಕು. ಪರಿಶೀಲಕಿ ಫೋಟೊ ತೆಗೆದುಕೊಂಡು ವಾಪಸು ಕೊಟ್ಟಿದ್ದ ಪ್ಲಾಸ್ಟರಿನ ಚೀಲ ಹಿಡಿದು ತರಗತಿಗೆ ನಡೆದೆ.

ಐದನೇ ತರಗತಿಯವರು ಊಟದ ಬಿಡುವಿಗೆ ಹೊರಗೆ ಹೋಗಿದ್ದರು. ಪಟಾಕಿಯೊಬ್ಬಳೇ ಮುಂದಿನ ಸಾಲಿನಲ್ಲಿ ಕೂತು, ತೆಳ್ಳಗಿನ ಬಲಗೈಯಲ್ಲಿ ಪೆನ್ಸಿಲ್ ಹಿಡಿಯುವ ಅಭ್ಯಾಸ ಮಾಡುತ್ತಿದ್ದಳು.

"ಟೀಚರ್, ತೋರಿಸಿದ್ರಾ? ಫೋಟೊ ನೋಡಿದ್ರಾ ಅವರು?"

ಅವಳ ಎದುರಿನ ಬೆಂಚಿನ ಮೇಲೆ ಕೂತೆ. "ನೋಡಿದ್ರು ಪುಟ್ಟಿ. ಆದರೆ ಅದರಲ್ಲಿ ನೀನು ಇರಲಿಲ್ಲ. ನಾನು ನಿನ್ನನ್ನ ಕತ್ತರಿಸಿಬಿಟ್ಟಿದ್ದೆ."

ಅವಳು ಪೆನ್ಸಿಲ್ ಕೆಳಗಿಟ್ಟಳು. "ಕಣ್ಣು ಮುಚ್ಚಿದ್ನಾ?"

"ಇಲ್ಲ. ನೀನು ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನೇ ನೋಡ್ತಿದ್ದೆ."

"ಮತ್ತೆ ಯಾಕೆ?"

"ತಾರೀಖು ಸುಳ್ಳು ಬರೆದಿದ್ದೆನಲ್ಲ, ಗೊತ್ತಾಗಿಬಿಡುತ್ತೆ ಅಂತ. ಭಯ ಆಗಿತ್ತು ಕಣೇ."

"ನಂಗೂ ಆಗಿತ್ತು ನಿನ್ನೆ. ಪ್ಲಾಸ್ಟರ್ ಕತ್ತರಿಸೋ ಗರಗಸ ಇದೆಯಲ್ಲ, ಅದು ಸುಮ್ಮನೆ ಶಬ್ದ ಮಾಡುತ್ತೆ ಅಷ್ಟೇ, ಕೈ ಕತ್ತರಿಸಲ್ಲ ಅಂತ ಡಾಕ್ಟರ್ ಹೇಳಿದ್ರು. ಆದರೂ ಅತ್ತುಬಿಟ್ಟೆ." ಎಂದವಳೇ ನನ್ನ ಕೈಯಲ್ಲಿದ್ದ ಚೀಲದಿಂದ ಪ್ಲಾಸ್ಟರು ಎಳೆದು, ಕೊನೆಯ ಟಿಕ್ಕಿನ ಕೆಳಗೆ ಬೆರಳಿಟ್ಟಳು. "ಗುರುವಾರದ್ದು ನೀವು ಹಾಕೇ ಇಲ್ಲ."

"ಏನಿತ್ತು ಗುರುವಾರ?"

"ಇಪ್ಪತ್ತೈದು ಮೂವತ್ತಾರಲ. ಮೂವತ್ತಾರರಲ್ಲಿ ನಾಲ್ಕು ಎಷ್ಟು ಸಲ? ಒಂಬತ್ತು. ನಾಲ್ಕು ಇಪ್ಪತ್ತೈದಕ್ಕೆ ನೂರು, ಹಾಗಾದ್ರೆ ಒಂಬೈನೂರು. ಅವತ್ತೇ ಹೇಳಿದ್ದೆ, ನೀವು ಕೇಳಿಸ್ಕೊಳ್ಳಲಿಲ್ಲ."

ಕೆಂಪು ಪೆನ್ನು ತೆಗೆದು ಲೆಕ್ಕ ಬರೆದೆ, ಟಿಕ್ ಹಾಕಿದೆ. ಅವಳು ಬಗ್ಗಿ ನೋಡುತ್ತ, "ಇಪ್ಪತ್ತನೇ ತಾರೀಖು ಹಾಕಿ ಟೀಚರ್, ಗುರುವಾರದ್ದು," ಎಂದಳು.

"ಇಲ್ಲ. ಟಿಕ್ ಹಾಕ್ತಿರೋದು ಇವತ್ತು," ಎಂದು 25-2 ಎಂದು ಬರೆದೆ.